ಚಟ್ನಿಪುಡಿ ಮಾರಬೇಕು ಅಂತಿದ್ದೀರಾ? ಮೊದಲು ನಿಮ್ಮ ಕೂಲಿ ಬರೆದಿಡಿ

"ಕೈರುಚಿ ಎಷ್ಟ್ ಛಲೋ ಐತ್ರೀ ಅಕ್ಕಾರ, ಮಾರಬಾರದೇನ್ರೀ?"

ಮನೆಗೆ ಬಂದವರು ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಹೋಗುವಾಗ ಹೀಗೆ ಹೇಳಿಯೇ ಹೋಗುತ್ತಾರೆ. ಪುಕ್ಕಟೆ ಒಯ್ಯುವವರ ಮಾತು ನಂಬಿ ವ್ಯಾಪಾರಕ್ಕೆ ಇಳಿಯಬೇಡಿ. ನಾನು ಇಳಿದಿದ್ದೆ. ಎಡವಿದ್ದು ಎಲ್ಲೆಲ್ಲಿ ಅಂತ ಹೇಳಿದರೆ ನಿಮಗೆ ಉಪಯೋಗವಾದೀತು.

ಒಂದೇ ಪುಡಿಯಿಂದ ಶುರು ಮಾಡಿ

ಶೇಂಗಾ, ಅಗಸಿ, ಗುರೆಳ್ಳು, ಪುಠಾಣಿ ಎಲ್ಲವನ್ನೂ ಒಟ್ಟಿಗೆ ಮಾಡೋಣ ಅನ್ನಿಸುತ್ತದೆ. ಬೇಡ. ಪ್ರತಿ ಪುಡಿಗೂ ಬೇರೆ ಸಾಮಾನು, ಬೇರೆ ಸ್ಟಿಕರ್, ಕೆಡುವ ಅವಧಿಯೂ ಬೇರೆ. ನೀವು ಕಣ್ಣುಮುಚ್ಚಿ ಮಾಡಬಲ್ಲದ್ದು ಯಾವುದೋ ಅದೊಂದೇ ಸಾಕು.

ಎಷ್ಟು ದಿನಕ್ಕೆ ಕೆಡುತ್ತದೆ, ನೋಡಿ

ನನ್ನ ಮೊದಲ 40 ಪೊಟ್ಟಣ ಕೆಟ್ಟಿದ್ದು ಅವಸರದಿಂದ. ಹುರಿದ ಶೇಂಗಾ ಇನ್ನೂ ಬೆಚ್ಚಗಿರುವಾಗಲೇ ಕುಟ್ಟಿ, ಹಾಗೇ ತುಂಬಿ ಸೀಲ್ ಮಾಡಿದೆ. ಒಳಗೆ ಬೆವರೊಡೆಯಿತು. ಮೂರನೇ ವಾರ ಅಂಗಡಿಯವರು ಚೀಲ ವಾಪಸು ಕೊಟ್ಟು, "ಅಕ್ಕಾರ, ಕಮಟು ಹೊಡೀತೈತ್ರೀ" ಅಂದರು. ಅಷ್ಟೂ ಪುಡಿ ತಿಪ್ಪೆಗೆ ಹೋಯಿತು.

ಶೇಂಗಾದಲ್ಲಿ ಎಣ್ಣೆ ಜಾಸ್ತಿ. ಶಾಖ, ಗಾಳಿ, ಬೆಳಕು ತಾಗಿದಷ್ಟೂ ಬೇಗ ಕಮಟಾಗುತ್ತದೆ. ಸಣ್ಣ ಉರಿಯಲ್ಲಿ, ಉಜ್ಜಿದರೆ ಸಿಪ್ಪೆ ಉದುರುವವರೆಗೆ ಹುರಿಯಿರಿ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಲು ಬಿಡಿ. ಬೆಳ್ಳುಳ್ಳಿ, ಕರಿಬೇವಿನ ಹಸಿತನವೂ ಹೋಗಬೇಕು. ಮಿಕ್ಸರ್ ಒಂದೇ ಸಮ ತಿರುಗಿಸಿದರೆ ಅದರ ಬಿಸಿಗೆ ಎಣ್ಣೆ ಬಿಡುತ್ತದೆ, ಬಿಟ್ಟು ಬಿಟ್ಟು ತಿರುಗಿಸಿ.

ಆಮೇಲೆ ಹತ್ತು ಪೊಟ್ಟಣ ಕಟ್ಟಿ, ತಾರೀಖು ಬರೆದು ಅಡುಗೆಮನೆಯ ಶೆಲ್ಫಿನಲ್ಲಿಡಿ. ವಾರಕ್ಕೊಂದು ಒಡೆದು ಮೂಸಿ, ರುಚಿ ನೋಡಿ, ಬರೆದಿಡಿ. ಎಂಟನೇ ವಾರಕ್ಕೆ ವಾಸನೆ ತಿರುಗಿದರೆ ಪೊಟ್ಟಣದ ಮೇಲೆ ಒಂದು ತಿಂಗಳು ಅಂತಲೇ ಹಾಕಿ. ಬೇರೆಯವರು ಆರು ತಿಂಗಳು ಹಾಕಿದ್ದಾರೆ ಅಂತ ನೀವೂ ಹಾಕಬೇಡಿ.

ಲೆಕ್ಕ: ಇಲ್ಲೇ ಬಹಳ ಜನ ಮುಳುಗುವುದು

ನನ್ನ ವಹಿಯಲ್ಲಿದ್ದ ಲೆಕ್ಕ ಹೀಗಿತ್ತು. ದರ ನಿಮ್ಮೂರಿನದು ಹಾಕಿಕೊಳ್ಳಿ.

ಒಂದು ಕಿಲೋ ಶೇಂಗಾ 150 ರೂಪಾಯಿ. ಬ್ಯಾಡಗಿ ಖಾರದಪುಡಿ 60, ಬೆಳ್ಳುಳ್ಳಿ 25, ಜೀರಿಗೆ 10, ಉಪ್ಪು-ಬೆಲ್ಲ-ಕರಿಬೇವು 15. ಒಟ್ಟು 260. ಹುರಿದು ಸಿಪ್ಪೆ ತೆಗೆದ ಮೇಲೆ ಶೇಂಗಾ ತೂಕ ಕಡಿಮೆಯಾಗುತ್ತದೆ. ಕೊನೆಗೆ 100 ಗ್ರಾಮಿನ 11 ಪೊಟ್ಟಣ ಬಂದವು. ಒಂದಕ್ಕೆ ಸಾಮಾನಿನ ಖರ್ಚು 24. ಪೌಚು, ಸ್ಟಿಕರ್ 5. ಗ್ಯಾಸು, ಕರೆಂಟು 2. ಅಲ್ಲಿಗೆ 31.

ಮಾರುವ ಬೆಲೆ 60. ಅರ್ಧಕ್ಕರ್ಧ ಲಾಭ, ಅಲ್ವಾ? ನಾನೂ ಹಾಗೇ ತಿಳಿದಿದ್ದೆ.

ಬಿಟ್ಟುಹೋಗಿದ್ದು ನನ್ನ ಕೂಲಿ. ಹುರಿಯುವುದು, ಸಿಪ್ಪೆ ಕೇರುವುದು, ಕುಟ್ಟುವುದು, ತೂಗಿ ತುಂಬುವುದು, ಎಲ್ಲ ಸೇರಿ ನಾಲ್ಕು ತಾಸು. ತಾಸಿಗೆ 60ರಂತೆ 240. ಪೊಟ್ಟಣಕ್ಕೆ 22 ಬಿತ್ತು. ಅಂದರೆ ನಿಜವಾದ ಖರ್ಚು 53. ಅಂಗಡಿಯವರಿಗೆ ಶೇ 25 ಬಿಟ್ಟರೆ ಕೈಗೆ ಬರುವುದು 45. ಪ್ರತಿ ಪೊಟ್ಟಣಕ್ಕೂ 8 ರೂಪಾಯಿ ಲುಕ್ಸಾನು! ಮನೆಯವಳ ದುಡಿಮೆಗೆ ಬೆಲೆ ಕಟ್ಟದ ನಮ್ಮ ಅಭ್ಯಾಸ ವಹಿಯೊಳಕ್ಕೂ ಬಂದು ಕೂತಿತ್ತು.

ದಾರಿ ಏನು? ಒಮ್ಮೆಲೇ ಐದು ಕಿಲೋ ಮಾಡುವುದು. ಅದಕ್ಕೆ ಇಪ್ಪತ್ತು ತಾಸು ಬೇಕಾಗಲಿಲ್ಲ, ಏಳು ತಾಸಿಗೆ ಮುಗಿಯಿತು. 55 ಪೊಟ್ಟಣಕ್ಕೆ ಕೂಲಿ ಹಂಚಿದರೆ ತಲಾ 8. ಖರ್ಚು 39ಕ್ಕೆ ಇಳಿಯಿತು, ಅಂಗಡಿಗೆ ಕೊಟ್ಟರೂ 6 ಉಳಿಯಿತು. ನೇರವಾಗಿ ಮಾರಿದರೆ 21.

ಕಾಗದಪತ್ರ

ಹೆದರುವಷ್ಟೇನೂ ಇಲ್ಲ. ಮನೆಯಲ್ಲೇ ಮಾಡಿದರೂ ತಿನ್ನುವ ಪದಾರ್ಥ ಮಾರಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ವರ್ಷದ ವಹಿವಾಟು ಸಣ್ಣದಿದ್ದರೆ ಸಾದಾ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಆ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಬೇಕು. 14 ಅಂಕಿಯ ನಂಬರು ಸಿಗುತ್ತದೆ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರ ಕೊಡುವ ಉದ್ಯಮ್ ನೋಂದಣಿ 2020ರ ಜುಲೈನಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಆಯಿತು, ಪೂರ್ತಿ ಉಚಿತ. ಸರಕಾರಿ ತಾಣದ ಹಾಗೇ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ. ದುಡ್ಡು ಕೇಳಿದರೆ ಅಲ್ಲಿಂದ ಹೊರಗೆ ಬನ್ನಿ.

ಪೊಟ್ಟಣದ ಮೇಲೆ ಆ 14 ಅಂಕಿ, ಸಸ್ಯಾಹಾರದ ಹಸಿರು ಚುಕ್ಕೆ, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ದಿನ, ಎಷ್ಟು ದಿನ ಬಾಳುತ್ತದೆ, ಬ್ಯಾಚ್ ನಂಬರು, ನಿಮ್ಮ ಹೆಸರು ವಿಳಾಸ, ಫೋನು ಇರಬೇಕು. ಶೇಂಗಾ ಕೆಲವರಿಗೆ ಅಲರ್ಜಿ. ಹಾಗಾಗಿ "ಇದರಲ್ಲಿ ಶೇಂಗಾ ಇದೆ" ಅಂತ ಬೇರೆಯಾಗಿಯೇ ಬರೆಯಬೇಕು. ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜತೆಗೆ ಕನ್ನಡವನ್ನೂ ಹಾಕಿ. ಕೊಳ್ಳುವವರು ಓದುವುದು ಅದನ್ನೇ. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಪೊಟ್ಟಣ ಕಟ್ಟುವವರ ನೋಂದಣಿಯನ್ನೂ ಅಲ್ಲೇ ವಿಚಾರಿಸಿ.

ಜಿಎಸ್‌ಟಿ? ರಾಜ್ಯದೊಳಗೆ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಮಹಾರಾಷ್ಟ್ರಕ್ಕೋ ಗೋವಾಕ್ಕೋ ಮಾರಿ ಕಳಿಸುವುದಾದರೆ ಮೊದಲು ತೆರಿಗೆ ಸಲಹೆಗಾರರನ್ನು ಕೇಳಿ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಬೋರ್ಡ್ ಮಾಯವಾಗಿತ್ತು. ಅದಕ್ಕೇ ಹೇಳುವುದು, ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ. ನಿಮ್ಮ ತಮ್ಮ ಕೈಗಡ ವಾಪಸು ಕಳಿಸಿದ್ದು, ಚೀಟಿ ದುಡ್ಡು, ಪುಡಿ ಮಾರಿದ್ದು ಎಲ್ಲ ಒಂದೇ ಖಾತೆಗೆ ಬಿದ್ದರೆ ನಾಳೆ ಬಿಡಿಸಿ ಹೇಳಲು ನಿಮಗೇ ಆಗುವುದಿಲ್ಲ.

ಅಂಗಡಿಗೆ ಕೊಡುವಾಗ

ಮೊದಲು ಎರಡೇ ಅಂಗಡಿ. ತಲಾ ಹತ್ತು ಪೊಟ್ಟಣ. ಹದಿನೈದು ದಿನಕ್ಕೊಮ್ಮೆ ಹೋಗಿ ಖಾಲಿಯಾದದ್ದು ಎಣಿಸಿ, ದುಡ್ಡು ತೆಗೆದುಕೊಂಡೇ ಹೊಸದು ಇಡಿ. "ಮುಂದಿನ ಸಲ ಕೂಡಿಸಿ ಕೊಡ್ತೀನಿ" ಅನ್ನುವ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಲೇ ಹೋಗುತ್ತದೆ. ಬಿಸಿಲು ಬೀಳುವ ಮುಂಗಟ್ಟಿನಲ್ಲಿ ತೂಗುಹಾಕಲು ಬಿಡಬೇಡಿ, ಕಮಟಿನ ಕಥೆ ಆಗಲೇ ಹೇಳಿದೆನಲ್ಲ.

ಸಾಲ ಆಮೇಲೆ

ಮುದ್ರಾ ಯೋಜನೆಯ 'ಶಿಶು' ಸಾಲದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಮೂರು ತಿಂಗಳ ಮಾರಾಟ ವಹಿಯಲ್ಲಿ ಕಾಣುವವರೆಗೆ ಬ್ಯಾಂಕಿನ ಕಡೆ ಹೋಗಬೇಡಿ ಅನ್ನುವವಳು ನಾನು. ಅದಕ್ಕಿಂತ ಮೊದಲು ತರಬೇತಿ ಒಳ್ಳೆಯದು. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತದೆ, ಧಾರವಾಡದಲ್ಲೂ ಶಾಖೆ ಇದೆ. ಅದೇ ಮಾದರಿಯ ಸಂಸ್ಥೆಗಳನ್ನು ಬ್ಯಾಂಕುಗಳು ಬೇರೆ ಜಿಲ್ಲೆಗಳಲ್ಲೂ ನಡೆಸುತ್ತಿವೆ.

ನಾನು ಸಾಲವಿಲ್ಲದೆ ಕೊಂಡ ಮೊದಲ ಸಾಮಾನು ಪೌಚಿನ ಬಾಯಿ ಮುಚ್ಚುವ ಸೀಲಿಂಗ್ ಮಷೀನು. ಮೇಣದಬತ್ತಿ ಹಿಡಿದು ಬಾಯಿ ಅಂಟಿಸುತ್ತಿದ್ದಾಗ ಸುಟ್ಟ ಬೆರಳಿನ ಕಲೆ ಇನ್ನೂ ಇದೆ.