ಫ್ಯಾಂಟಸಿ ಡ್ರಾಫ್ಟ್: ಒಂದು ತಂಡದ ಆಟಗಾರರನ್ನು ಅಳೆದು ತೂಗುವುದು ಹೇಗೆ?

ಆಗಸ್ಟ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗೆ (ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ಆಟಕ್ಕೆ ಅಂಕ ಪಡೆಯುವ ಸ್ಪರ್ಧೆ) ಜನ ಹುಡುಕುವ ಕೆಲಸ ಶುರುವಾಗುತ್ತದೆ. ಅಲ್ಲಿರುವ ಕನ್ನಡಿಗರಿಗೂ ಕರೆ ಬರುತ್ತದೆ. ಡ್ರೀಮ್ 11 ಆಡಿ ಗೊತ್ತಿದ್ದವರಿಗೆ ಅಂಕಗಳ ಲೆಕ್ಕ ಹೊಸದಲ್ಲ. ಆದರೆ ಡ್ರೀಮ್ 11ನಲ್ಲಿ ಕೊಹ್ಲಿಯನ್ನು ಎಲ್ಲರೂ ತಮ್ಮ ತಂಡಕ್ಕೆ ಹಾಕಿಕೊಳ್ಳಬಹುದು. ಡ್ರಾಫ್ಟ್‌ನಲ್ಲಿ ಹಾಗಿಲ್ಲ. ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಆರಿಸಬೇಕು, ಒಬ್ಬರು ಎತ್ತಿಕೊಂಡವನು ಉಳಿದವರಿಗೆ ಸಿಗುವುದಿಲ್ಲ. ಹಾಗಾಗಿ ಯಾರು ಒಳ್ಳೆಯ ಆಟಗಾರ ಎಂದು ತಿಳಿದರೆ ಸಾಲದು, ಯಾವ ಸುತ್ತಿನಲ್ಲಿ ತೆಗೆದುಕೊಂಡರೆ ಲಾಭ ಎಂಬುದು ಗೊತ್ತಿರಬೇಕು.

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳನ್ನೂ ಒಟ್ಟಿಗೆ ಓದಲು ಹೊರಟರೆ ತಲೆ ಕೆಡುತ್ತದೆ. ಒಂದೇ ತಂಡದ ಮೇಲೆ ಕೈ ಪಳಗಿಸಿಕೊಳ್ಳಿ. ನಾವಿಲ್ಲಿ ಡೆಟ್ರಾಯಿಟ್ ಲಯನ್ಸ್ ತೆಗೆದುಕೊಳ್ಳೋಣ, 2025ರ ಆಗಸ್ಟ್‌ನಲ್ಲಿ ಡ್ರಾಫ್ಟ್‌ಗೆ ಕೂತವರಿಗೆ ಆ ತಂಡ ಕಂಡ ಹಾಗೆ. 2024ರಲ್ಲಿ ಅದು 17 ಪಂದ್ಯಗಳಲ್ಲಿ 15 ಗೆದ್ದು 564 ಅಂಕ ಗಳಿಸಿತ್ತು. ಲೀಗಿನಲ್ಲೇ ಅತಿ ಹೆಚ್ಚು. ಇಂಥ ತಂಡದಲ್ಲಿ ಎಲ್ಲರೂ ಚಿನ್ನವೇ ಎನಿಸುತ್ತದೆ, ತೊಂದರೆ ಇರುವುದೂ ಅಲ್ಲೇ.

ಹಂತ 1: ನಿಮ್ಮ ಲೀಗಿನ ನಿಯಮ ಓದಿ

ಸಾಮಾನ್ಯವಾಗಿ ಓಡಿ ಅಥವಾ ಚೆಂಡು ಹಿಡಿದು ಸಾಗಿದ ಪ್ರತಿ 10 ಯಾರ್ಡಿಗೆ 1 ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ತಲುಪಿಸಿದರೆ) 6. ಪಾಸ್ ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದರೆ 25 ಯಾರ್ಡಿಗೆ 1, ಟಚ್‌ಡೌನ್‌ಗೆ 4. ‘ಪಿಪಿಆರ್’ ಲೀಗಾದರೆ ಹಿಡಿದ ಪ್ರತಿ ಚೆಂಡಿಗೂ ಇನ್ನೊಂದು ಅಂಕ. ಈ ಒಂದು ಅಂಕವನ್ನು ಹಗುರವಾಗಿ ಎಣಿಸಬೇಡಿ. ಲಯನ್ಸ್‌ನ ಅಮೊನ್-ರಾ ಸೇಂಟ್ ಬ್ರೌನ್ 2024ರಲ್ಲಿ 115 ಬಾರಿ ಚೆಂಡು ಹಿಡಿದು 1263 ಯಾರ್ಡ್, 12 ಟಚ್‌ಡೌನ್ ಗಳಿಸಿದರು. ಪಿಪಿಆರ್ ಇದ್ದರೆ 313 ಅಂಕ, ಇಲ್ಲದಿದ್ದರೆ 198. ಆಟ ಅದೇ, ಆದರೆ ಒಂದು ಲೀಗಿನಲ್ಲಿ ಅವರು ಮೊದಲ ಸುತ್ತಿನ ಆಟಗಾರ, ಇನ್ನೊಂದರಲ್ಲಿ ಸ್ವಲ್ಪ ಕಾಯಬಹುದಾದ ಆಟಗಾರ.

ಹಂತ 2: ಚೆಂಡು ಯಾರ ಪಾಲಿಗೆ ಎಷ್ಟು?

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಎಣಿಸಿ ತಂದ ಹೋಳಿಗೆಯ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಹೆಚ್ಚು ಬಿದ್ದರೆ ಇನ್ನೊಬ್ಬರಿಗೆ ಕಡಿಮೆಯಾಗಲೇಬೇಕು. ಒಂದು ತಂಡದ ಪಾಸ್‌ಗಳೂ ಹಾಗೆಯೇ. ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಕೂಡ ಹಿಡಿಯುವ ಆಟಗಾರ) ಸ್ಯಾಮ್ ಲಪೋರ್ಟಾ 2023ರಲ್ಲಿ, ತಮ್ಮ ಮೊದಲ ವರ್ಷದಲ್ಲೇ, 86 ಚೆಂಡು ಹಿಡಿದು 10 ಟಚ್‌ಡೌನ್ ಹೊಡೆದಿದ್ದರು. ಅದನ್ನು ನಂಬಿ ಮರುವರ್ಷ ಬೇಗನೆ ಆರಿಸಿ ದುಬಾರಿ ಬೆಲೆ ತೆತ್ತವರಿಗೆ ಸಿಕ್ಕಿದ್ದು 60 ಚೆಂಡು, 7 ಟಚ್‌ಡೌನ್. ಲಪೋರ್ಟಾ ಆಡುವುದನ್ನು ಮರೆತಿರಲಿಲ್ಲ. ವೇಗದ ರಿಸೀವರ್ (ಪಾಸ್ ಹಿಡಿಯುವುದೇ ಮುಖ್ಯ ಕೆಲಸವಾದ ಆಟಗಾರ) ಜೇಮಿಸನ್ ವಿಲಿಯಮ್ಸ್ 24 ಚೆಂಡಿನಿಂದ 58ಕ್ಕೆ ಏರಿದ್ದರು, ಅಷ್ಟೇ.

ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗಳಲ್ಲಿ ಈ ಪಾಲುಗಾರಿಕೆ ಇನ್ನೂ ಸ್ಪಷ್ಟ. 2023ರಲ್ಲಿ ಡೇವಿಡ್ ಮಾಂಟ್ಗೊಮರಿ 219 ಬಾರಿ, ಜಮೀರ್ ಗಿಬ್ಸ್ 182 ಬಾರಿ ಚೆಂಡು ಹೊತ್ತು ಓಡಿದರು. ಮರುವರ್ಷ ಗಿಬ್ಸ್ 250, ಮಾಂಟ್ಗೊಮರಿ 185. ಗಿಬ್ಸ್ 1412 ಯಾರ್ಡ್ ಓಡಿ, ಒಟ್ಟು 20 ಟಚ್‌ಡೌನ್ ಗಳಿಸಿದರು. ಇಲ್ಲಿ ಒಂದು ಸೂಕ್ಷ್ಮ ಇದೆ: ಲೀಗ್ ಹಂತದ ಕೊನೆಯ ಮೂರು ಪಂದ್ಯಗಳಲ್ಲಿ ಮಾಂಟ್ಗೊಮರಿ ಮೊಣಕಾಲಿನ ಗಾಯದಿಂದ ಹೊರಗಿದ್ದರು. ಆ ಮೂರರಲ್ಲೂ ಗಿಬ್ಸ್ ನೂರು ಯಾರ್ಡ್ ದಾಟಿದರು, ವೈಕಿಂಗ್ಸ್ ವಿರುದ್ಧದ ಕೊನೆಯ ಪಂದ್ಯವೊಂದರಲ್ಲೇ ನಾಲ್ಕು ಟಚ್‌ಡೌನ್. ಇಬ್ಬರೂ ಇದ್ದಾಗಿನ ಪಂದ್ಯಗಳನ್ನು ಬೇರೆಯಾಗಿ ನೋಡಿದರೆ ಮಾತ್ರ ಗಿಬ್ಸ್‌ರ ನಿಜವಾದ ಪಾಲು ತಿಳಿಯುತ್ತದೆ. ಆಮೇಲೂ ಅವರು ಮೊದಲ ಸುತ್ತಿನ ಆಟಗಾರನೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ 14 ಪಂದ್ಯಗಳಲ್ಲಿ 12 ಟಚ್‌ಡೌನ್ ಹೊಡೆದ ಮಾಂಟ್ಗೊಮರಿ ಎಷ್ಟೋ ಸುತ್ತು ಕೆಳಗೆ ಸಿಗುತ್ತಿದ್ದರಲ್ಲ, ನಿಜವಾದ ಅಗ್ಗದ ಮಾಲು ಅದು.

ಹಂತ 3: ಕಳೆದ ವರ್ಷದಿಂದ ಏನು ಬದಲಾಗಿದೆ?

ಅಂಕಿಅಂಶ ಹಳೆಯ ತಂಡದ್ದು, ನೀವು ಕೊಳ್ಳುವುದು ಹೊಸ ತಂಡವನ್ನು. ಲಯನ್ಸ್‌ನ ದಾಳಿಯ ತಂತ್ರ ರೂಪಿಸುತ್ತಿದ್ದ ಬೆನ್ ಜಾನ್ಸನ್ 2025ರ ಜನವರಿಯಲ್ಲಿ ಶಿಕಾಗೊ ಬೇರ್ಸ್‌ನ ಮುಖ್ಯ ಕೋಚ್ ಆಗಿ ಹೋದರು. ಅವರ ಜಾಗಕ್ಕೆ ಜಾನ್ ಮಾರ್ಟನ್ ಬಂದರು. ಜೂನ್‌ನಲ್ಲಿ ಸೆಂಟರ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ನಡುವಿನ ಆಟಗಾರ) ಫ್ರ್ಯಾಂಕ್ ರ‍್ಯಾಗ್ನೋ ನಿವೃತ್ತಿ ಘೋಷಿಸಿದರು. ಸೆಂಟರ್‌ಗೆ ಫ್ಯಾಂಟಸಿಯಲ್ಲಿ ಒಂದು ಅಂಕವೂ ಇಲ್ಲ, ಹಾಗಾಗಿ ಹೊಸಬರು ಈ ಸುದ್ದಿಯನ್ನು ಓದುವುದೇ ಇಲ್ಲ. ಆದರೆ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್ ಓಡಿ ತಪ್ಪಿಸಿಕೊಳ್ಳುವ ಆಟಗಾರ ಅಲ್ಲ; ನಿಂತ ಜಾಗದಿಂದಲೇ ಎಸೆಯುವವರು. ಅವರ ಎದುರಿನ ಗೋಡೆ ಸಡಿಲವಾದರೆ ಪೆಟ್ಟು ಅವರಿಗೂ, ಅವರ ಪಾಸ್ ನಂಬಿದ ರಿಸೀವರ್‌ಗಳಿಗೂ.

ಹಂತ 4: ಆ ಸ್ಥಾನದಲ್ಲಿ ಬೇರೆ ಯಾರು ಸಿಗುತ್ತಾರೆ?

ಗಾಫ್ 2024ರಲ್ಲಿ 4629 ಯಾರ್ಡ್, 37 ಟಚ್‌ಡೌನ್ ಎಸೆದರು. ಆದರೂ ಅವರಿಗಾಗಿ ಆತುರ ಬೇಡ. ಅದೇ ವರ್ಷ ಬಾಲ್ಟಿಮೋರ್ ತಂಡದ ಕ್ವಾರ್ಟರ್‌ಬ್ಯಾಕ್ ಲಾಮಾರ್ ಜಾಕ್ಸನ್ ಕಾಲಲ್ಲೇ 915 ಯಾರ್ಡ್ ಓಡಿ 91 ಅಂಕ ಹೆಚ್ಚುವರಿಯಾಗಿ ಗಳಿಸಿದ್ದರು; ಎಸೆದೇ ಅಷ್ಟು ಗಳಿಸಬೇಕಾದರೆ ಎರಡು ಸಾವಿರಕ್ಕೂ ಹೆಚ್ಚು ಯಾರ್ಡ್ ಬೇಕು. ಒಂದೇ ಕ್ವಾರ್ಟರ್‌ಬ್ಯಾಕ್ ಆಡಿಸುವ ಲೀಗಿನಲ್ಲಿ ಗಾಫ್‌ರಂಥ ‘ಎಸೆತಗಾರರು’ ತಡವಾಗಿಯೂ ಸಿಗುತ್ತಾರೆ. ಲಪೋರ್ಟಾ ವಿಷಯವೂ ಹೀಗೇ. 2024ರಲ್ಲಿ ರೈಡರ್ಸ್‌ನ ಬ್ರಾಕ್ ಬವರ್ಸ್ ಟೈಟ್ ಎಂಡ್ ಆಗಿ 112 ಚೆಂಡು ಹಿಡಿದರು. ಅಂಥವರು ಸಿಕ್ಕರೆ ಬೇಗ ಕೊಳ್ಳಿ, ಸಿಗದಿದ್ದರೆ ಆ ಸ್ಥಾನವನ್ನು ಮುಂದಕ್ಕೆ ಹಾಕಿ.

ಹಂತ 5: ಕೊನೆಯ ಕೆಲಸಗಳು

ಪಟ್ಟಿಯಲ್ಲಿ ಪ್ರತಿ ಲಯನ್ಸ್ ಆಟಗಾರನ ಎದುರು ‘ಇದಕ್ಕಿಂತ ಮೊದಲು ಬೇಡ’ ಎಂದು ಒಂದು ಸುತ್ತಿನ ಸಂಖ್ಯೆ ಬರೆದಿಡಿ. ಒಂದೇ ತಂಡದ ಮೂವರನ್ನು ಹಿಡಿಯುವ ಮುನ್ನ ಆ ತಂಡಕ್ಕೆ ಪಂದ್ಯವಿಲ್ಲದ ‘ಬೈ’ ವಾರ ಯಾವುದು ನೋಡಿ. ಆ ವಾರ ಮೂವರೂ ಸೊನ್ನೆ. ಚೆಂಡು ಒದೆಯುವ ಕಿಕರ್ ಮತ್ತು ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ) ಕೊನೆಯ ಎರಡು ಸುತ್ತಿಗಿರಲಿ. ಡ್ರಾಫ್ಟ್ ದಿನ ಬೆಳಿಗ್ಗೆ ಗಾಯಾಳುಗಳ ಸುದ್ದಿ ಒಮ್ಮೆ ನೋಡಿ, ಗಿಬ್ಸ್ ಕೈತಪ್ಪಿದರೆ ಮುಂದಿನ ಹೆಸರು ಯಾವುದೆಂದು ಆಗಲೇ ಗುರುತು ಹಾಕಿಕೊಳ್ಳಿ. ನಿಮ್ಮ ಸರದಿ ಬಂದಾಗ ಸಿಗುವ ಸಮಯ ಹೆಚ್ಚೆಂದರೆ ಒಂದೆರಡು ನಿಮಿಷ.