ಕಲಬುರಗಿ ಬಿಸಿಲಿನಲ್ಲಿ 3733: ರ‍್ಯಾಮ್‌ಗಾಗಿ ಹಾಕಿದ ವಾಟರ್ ಲೂಪ್

ಮೊದಲು ನನ್ನ ಕಂಪ್ಯೂಟರಿನ ಸೆಟಪ್ ಹೇಳಿಬಿಡುತ್ತೇನೆ. ರೈಜನ್ 5800ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, ಬಿ550 ಮದರ್‌ಬೋರ್ಡ್, 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಒಳಗೆ ಸ್ಯಾಮ್‌ಸಂಗ್‌ನ ಬಿ-ಡೈ ಚಿಪ್. ಈಗ ರ‍್ಯಾಮ್ ವೇಗ 3733, ಸಿಎಲ್ (ಉತ್ತರಕ್ಕೆ ಕಾಯುವ ಸುತ್ತುಗಳ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು) 14ರಲ್ಲಿ ಓಡುತ್ತಿದೆ. ಏಪ್ರಿಲ್, ಮೇ ಎರಡೂ ದಾಟಿತು, ಒಂದು ಎರರ್ ಇಲ್ಲ. ಇಲ್ಲಿಯ ಮೇ ಅಂದರೆ ಗೊತ್ತಲ್ಲ, ಹೊರಗೆ 42. ನನ್ನದು ಮೇಲ್ಮಹಡಿ ರೂಮು, ಎಸಿ ಇಲ್ಲ. ಮಧ್ಯಾಹ್ನ ರೂಮಿನಲ್ಲೇ 37-38 ಇರುತ್ತದೆ.

ಕಸ್ಟಮ್ ಲೂಪ್ (ಪಂಪು, ಟ್ಯೂಬು, ರೇಡಿಯೇಟರ್ ಜೋಡಿಸಿ ನೀರು ಸುತ್ತಿಸಿ ತಂಪು ಮಾಡುವುದು) ಅಂದಾಗ ಗೆಳೆಯರೆಲ್ಲ ನಕ್ಕಿದ್ದರು. "ಕಲಬುರಗಿ ಬಿಸಿಲಾಗ ನೀರ್ ಹಾಕ್ತಿಯೇನು? ಅದರಾಗೇ ಚಾಪುಡಿ ಹಾಕಿಬಿಡು" ಅಂದ ಒಬ್ಬ. ಅವರ ವಾದ ಪೂರ್ತಿ ತಪ್ಪೇನಲ್ಲ. ರೂಮಿನ ಉಷ್ಣಾಂಶಕ್ಕಿಂತ ನೀರು ಕೆಳಗೆ ಇಳಿಯುವುದಿಲ್ಲ. ಪ್ರೊಸೆಸರ್ ಒಂದನ್ನೇ ತಂಪು ಮಾಡಬೇಕಿದ್ದರೆ ನಾಲ್ಕು ಸಾವಿರದ ಏರ್ ಕೂಲರ್ ಸಾಕು. ಆದರೆ ನನ್ನ ತಲೆನೋವು ಪ್ರೊಸೆಸರ್ ಆಗಿರಲಿಲ್ಲ, ರ‍್ಯಾಮ್ ಆಗಿತ್ತು.

ಜನವರಿಯಲ್ಲಿ ಇದೇ ಟೈಮಿಂಗ್ ಕೂತಿತ್ತು. ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಟೆಸ್ಟ್‌ಮೆಮ್5 ರಾತ್ರಿಯಿಡೀ ಓಡಿಸಿದರೂ ಕ್ಲೀನ್. ಮಾರ್ಚ್ ಬಂತು, ಗೇಮ್ ಆಡುತ್ತಾ ಆಡುತ್ತಾ ಡೆಸ್ಕ್‌ಟಾಪ್‌ಗೆ ಬಂದು ಬೀಳತೊಡಗಿತು. ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ರ‍್ಯಾಮ್ ಎರರ್‌ನಿಂದ ಫೈಲ್ ಕೆಟ್ಟರೆ ಪಾರ್ಟಿ ಮುಂದೆ ನಿಲ್ಲೋಕಾಗಲ್ಲ. ಹಾಗಾಗಿ ಆ ತಿಂಗಳು ಸುಮ್ನೆ ಎಕ್ಸ್‌ಎಂಪಿ (ಕಂಪನಿಯೇ ಕೊಟ್ಟ ರೆಡಿಮೇಡ್ ಸೆಟ್ಟಿಂಗ್) 3200ಕ್ಕೆ ಇಳಿಸಿ ಕೆಲಸ ಮುಗಿಸಿದೆ.

ಆಮೇಲೆ ಶುರುವಾಯಿತು ಹುಡುಕಾಟ. ರ‍್ಯಾಮ್ ವೋಲ್ಟೇಜ್ 1.48ರಿಂದ 1.52ಕ್ಕೆ ಏರಿಸಿದೆ. ಎರರ್ ಇನ್ನೂ ಜಾಸ್ತಿ. ಎಸ್‌ಒಸಿ (ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಭಾಗದ) ವೋಲ್ಟೇಜ್ ಮೇಲೆ ಕೆಳಗೆ ಮಾಡಿದೆ, ಬಯಾಸ್ ಬದಲಿಸಿದೆ, ಸ್ಟಿಕ್ ಅದಲು ಬದಲು ಮಾಡಿದೆ. ವಿಚಿತ್ರ ಏನೆಂದರೆ ಟೆಸ್ಟ್‌ಮೆಮ್5 ಒಂದೇ ಓಡಿಸಿದರೆ ಪಾಸ್. ಗ್ರಾಫಿಕ್ಸ್ ಟೆಸ್ಟ್ ಒಂದೇ ಓಡಿಸಿದರೂ ಪಾಸ್. ಎರಡೂ ಒಟ್ಟಿಗೆ ಓಡಿಸಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮೊದಲ ಎರರ್. ಆಗ ಸ್ಟಿಕ್‌ನ ಸೆನ್ಸರ್ ನೋಡಿದರೆ 58 ಡಿಗ್ರಿ!

3080 ಅಂದರೆ 320 ವ್ಯಾಟ್. ಅದರ ಕೂಲರ್ ಅಷ್ಟೂ ಬಿಸಿಗಾಳಿಯನ್ನು ಕೇಸಿನ ಒಳಗೇ ಮೇಲಕ್ಕೆ ಊದುತ್ತದೆ. ಮೇಲೆ ಇರುವುದು ರ‍್ಯಾಮ್. ಬಿ-ಡೈ ಒಳ್ಳೆಯ ಚಿಪ್ಪೇ, ಆದರೆ ಬಿಸಿ ತಡೆಯಲ್ಲ. ಬಿಸಿ ಏರಿದಷ್ಟೂ ಒಳಗಿನ ಚಾರ್ಜ್ ಬೇಗ ಸೋರುತ್ತದೆ. ನಾವು ಟಿಆರ್‌ಎಫ್‌ಸಿ ಬಿಗಿ ಮಾಡಿ ರಿಫ್ರೆಶ್‌ಗೆ, ಅಂದರೆ ಆ ಚಾರ್ಜ್ ಮತ್ತೆ ತುಂಬಲು, ಕೊಡುವ ಸಮಯ ಕತ್ತರಿಸಿರುತ್ತೇವೆ. ನನ್ನ ಸ್ಟಿಕ್‌ಗಳ ಗೆರೆ 49-50ರ ಹತ್ತಿರ. ಅದು ದಾಟಿದರೆ ವೋಲ್ಟೇಜ್ ಎಷ್ಟು ಕೊಟ್ಟರೂ ಉಪಯೋಗವಿಲ್ಲ, ವೋಲ್ಟೇಜೂ ಬಿಸಿಯೇ ಅಲ್ವಾ.

ಪ್ಲಾನ್ ಇದು: ಗ್ರಾಫಿಕ್ಸ್ ಕಾರ್ಡಿನ ಬಿಸಿ ಕೇಸಿನ ಗಾಳಿಗೆ ಸೇರಲೇಬಾರದು. ಕಾರ್ಡಿಗೆ ಫುಲ್ ಕವರ್ ಬ್ಲಾಕ್ (ಕಾರ್ಡಿನ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ಭಾಗ), ಪ್ರೊಸೆಸರ್‌ಗೆ ಒಂದು ಬ್ಲಾಕ್, 30 ಎಂಎಂ ದಪ್ಪದ, 360 ಎಂಎಂ ಸೈಜಿನ ರೇಡಿಯೇಟರ್ ಎರಡು, ಡಿ5 ಪಂಪ್. ಎಲ್ಲರೂ ಮುಂದಿನ ರೇಡಿಯೇಟರನ್ನು ಇನ್‌ಟೇಕ್ (ಗಾಳಿ ಒಳಗೆಳೆಯುವ ದಾರಿ) ಮಾಡುತ್ತಾರೆ. ಹಾಗೆ ಮಾಡಿದರೆ ಕಾದ ಗಾಳಿ ಮತ್ತೆ ಒಳಗೇ ಬಂತು. ನಾನು ಎರಡನ್ನೂ ಎಕ್ಸಾಸ್ಟ್ (ಗಾಳಿ ಹೊರಹಾಕುವ ದಾರಿ) ಮಾಡಿದೆ. ಗಾಳಿ ಹಿಂದಿನಿಂದ ಮತ್ತು ತಳದಿಂದ ಒಳಗೆ ಬರುತ್ತದೆ, ರೂಮಿನ ಗಾಳಿ ನೇರ ರ‍್ಯಾಮ್ ಮೇಲೆ. "ಧೂಳು ತುಂಬ್ಕೊಳ್ಳುತ್ತೆ" ಅಂದರು. ಹೌದು, ತುಂಬಿಕೊಳ್ಳುತ್ತದೆ. ಸಂದಿಗಳಿಗೆಲ್ಲ ಸೊಳ್ಳೆಪರದೆ ಬಟ್ಟೆ ಅಂಟಿಸಿದ್ದೇನೆ, ಹದಿನೈದು ದಿನಕ್ಕೊಮ್ಮೆ ಬ್ಲೋಯರ್ ಹೊಡೆಯುತ್ತೇನೆ. ರ‍್ಯಾಮ್ ಮೇಲೆ ಫ್ಯಾನ್ ಒಂದಿದೆ, ಅದನ್ನು ಯಾವ ಕೋನದಲ್ಲಿ, ಯಾವುದಕ್ಕೆ ಕಟ್ಟಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ಡಿಗ್ರಿ ಇಳಿದಿದ್ದು ಅದರಿಂದಲೇ.

ಲೂಪಿನಲ್ಲಿ ಯಾವುದು ಮೊದಲು ಅಂತ ತುಂಬಾ ಚರ್ಚೆ ಮಾಡುತ್ತಾರೆ. ಬೇಕಿಲ್ಲ. ಒಟ್ಟು 450 ವ್ಯಾಟ್, ನಿಮಿಷಕ್ಕೆ ನಾಲ್ಕು ಲೀಟರ್ ಹರಿದರೆ ಇಡೀ ಲೂಪಿನಲ್ಲಿ ನೀರಿನ ವ್ಯತ್ಯಾಸ ಒಂದೂವರೆ ಡಿಗ್ರಿ ಅಷ್ಟೇ. ಟ್ಯೂಬ್ ಎಲ್ಲಿ ಕಡಿಮೆ ಮಡಚುತ್ತದೋ ಹಾಗೆ ಹಾಕಿ. ಟ್ಯೂಬ್ ಇಪಿಡಿಎಂ ರಬ್ಬರ್ ತಗೊಳ್ಳಿ. ಪಾರದರ್ಶಕ ಪಿವಿಸಿ ಫೋಟೋಗೆ ಚೆಂದ, ನಮ್ಮ ಬಿಸಿಲಿಗೆ ಬೇಗ ಮಂಕಾಗುತ್ತದೆ.

ಈಗ ದುಡ್ಡು. ಗ್ರಾಫಿಕ್ಸ್ ಬ್ಲಾಕ್ ಸೆಕೆಂಡ್ ಹ್ಯಾಂಡ್ ಒಂಬತ್ತು ಸಾವಿರ ಚಿಲ್ಲರೆ. ಪಂಪ್ ರಿಸರ್ವಾಯರ್ ಹತ್ತರ ಮೇಲೆ. ಪ್ರೊಸೆಸರ್ ಬ್ಲಾಕ್ ಆರು. ರೇಡಿಯೇಟರ್ ತಲಾ ಏಳು. ನಿಜವಾಗಿ ಜೇಬು ಕತ್ತರಿಸಿದ್ದು ಫಿಟ್ಟಿಂಗ್. ಒಂದೊಂದಕ್ಕೆ ಐನೂರು ಆರುನೂರು, ಆ್ಯಂಗಲ್ ಇದ್ದರೆ ಇನ್ನೂ ಜಾಸ್ತಿ. ಫ್ಯಾನ್ ಎಲ್ಲ ಸೇರಿ 55 ಸಾವಿರದ ಹತ್ತಿರ ಹೋಯಿತು. ಅರ್ಧ ಸಾಮಾನು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಸಿಕ್ಕಿತು. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ. ಬ್ಲಾಕ್ ಕೊಟ್ಟವನ ಹೆಸರು ಕೇಳಬೇಡಿ, ನನಗೆ ಇನ್ನೊಂದು ಬೇಕಿದೆ.

ಇವಲ್ಲದೆ ಇನ್ನೊಂದು ರೇಡಿಯೇಟರ್ ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರಕ್ಕೆ ಸಿಕ್ಕಿತ್ತು, "ಪ್ಯೂರ್ ಕಾಪರ್" ಅಂತ. ಅಂಚಿನ ಪೇಂಟ್ ಕೀಲಿಯಿಂದ ಕೆರೆದರೆ ಒಳಗೆ ಬಿಳಿ ಬಿಳಿ. ಅಲ್ಯೂಮಿನಿಯಂ. ತಾಮ್ರದ ಬ್ಲಾಕ್ ಜೊತೆ ಅದನ್ನು ಹಾಕಿದರೆ ಒಳಗೇ ಕೊರೆಯುತ್ತಾ ಹೋಗುತ್ತದೆ. ದುಡ್ಡು ವಾಪಸ್ ಬರಲಿಲ್ಲ, ಅದು ಈಗಲೂ ಅಟ್ಟದ ಮೇಲಿದೆ.

ಲೀಕ್ ಟೆಸ್ಟಿಗೆ ಸೈಕಲ್ ಪಂಪು, ಒಂದು ಗೇಜು, ಒಂದು ವಾಲ್ವು. ಇಡೀ ಲೂಪನ್ನು ಕೇಸಿನ ಹೊರಗೆ ಮೇಜಿನ ಮೇಲೆ ಜೋಡಿಸಿ ಅರ್ಧ ಬಾರ್ ಗಾಳಿ ತುಂಬಿದೆ. ಬೆಳಿಗ್ಗೆ ಮುಳ್ಳು ಕೆಳಗಿಳಿದಿತ್ತು. ಪ್ರತಿ ಫಿಟ್ಟಿಂಗ್‌ಗೂ ಬ್ರಶ್‌ನಿಂದ ಸೋಪಿನ ನೊರೆ ಹಚ್ಚಿ ಟಾರ್ಚ್ ಹಿಡಿದು ಕೂತೆ. ಪಂಪಿನ ಹೊರದಾರಿಯ ಆ್ಯಂಗಲ್ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬಿಚ್ಚಿ ನೋಡಿದರೆ ಓ-ರಿಂಗ್ ಒಂದು ಕಡೆ ಸೀಳಿತ್ತು. ನೀರು ಹಾಕಿ ಟೆಸ್ಟ್ ಮಾಡಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ವಾರ ಬಿಟ್ಟು ಬೋರ್ಡ್ ಮೇಲೆ ಒಂದು ಹನಿ ಬೀಳುತ್ತಿತ್ತು.

ನೀರು ಡಿಸ್ಟಿಲ್ಡ್, ಜೊತೆಗೆ ತುಕ್ಕು, ಪಾಚಿ ತಡೆಯುವ ಅಡಿಟಿವ್. ಬ್ಯಾಟರಿ ನೀರು ಹಾಕಿದರೂ ನಡೆಯುತ್ತದೆ. ಆದರೆ ಏನೂ ಸೇರಿಸದೆ ಬರೀ ನೀರು ಬಿಟ್ಟರೆ ಪಾಚಿ ಗ್ಯಾರಂಟಿ.

ಫಲಿತಾಂಶ: ರೂಮು 37 ಇದ್ದಾಗ ಫುಲ್ ಲೋಡಿನಲ್ಲಿ ನೀರು 47 ಸುಮಾರು. ರ‍್ಯಾಮ್ 45. ಮೊದಲು 58 ಇತ್ತು ನೆನಪಿರಲಿ. ಕಾರ್ಡಿನ ಮೆಮೊರಿ ಮೊದಲು ನೂರು ದಾಟುತ್ತಿತ್ತು, ಈಗ ಎಪ್ಪತ್ತರ ಮೇಲೆ ಎಲ್ಲೋ ಇದೆ. 3800ಕ್ಕೂ ಕೈ ಹಾಕಿದೆ. ಬೂಟ್ ಆಯಿತು, ಟೆಸ್ಟೂ ಪಾಸ್. ಆದರೆ ಎಫ್‌ಕ್ಲಾಕ್ (ಪ್ರೊಸೆಸರ್ ಒಳಗಿನ ಸಂಪರ್ಕದ ವೇಗ, ರ‍್ಯಾಮ್ ಅಂಕಿಯ ಅರ್ಧ) 1900ರಲ್ಲಿ ವಿಂಡೋಸ್‌ನ ಈವೆಂಟ್ ವ್ಯೂವರ್ ತುಂಬಾ ಡಬ್ಲ್ಯುಎಚ್‌ಇಎ 19 ಅನ್ನೋ ಹಾರ್ಡ್‌ವೇರ್ ಎರರ್. ಅದು ಪ್ರೊಸೆಸರ್‌ನ ಹಣೆಬರಹ, ತಂಪು ಮಾಡಿ ಪ್ರಯೋಜನವಿಲ್ಲ. 3733ಕ್ಕೆ ಇಳಿದೆ, ಎಫ್‌ಕ್ಲಾಕ್ 1867. ಟೈಮಿಂಗ್ 14-15-15-30, ಟಿಆರ್‌ಎಫ್‌ಸಿ 280, 1.48 ವೋಲ್ಟ್. ಆರ್‌ಟಿಟಿ, ಪ್ರಾಕ್‌ಒಡಿಟಿ (ಸಿಗ್ನಲ್ ಸ್ವಚ್ಛವಾಗಿಡುವ ರೆಸಿಸ್ಟೆನ್ಸ್ ಸೆಟ್ಟಿಂಗ್) ನಂಬರ್ ಬರೆಯಲ್ಲ. ಬೋರ್ಡ್ ಬದಲಾದರೆ ಅವೂ ಬದಲಾಗುತ್ತವೆ, ಆಮೇಲೆ ನನ್ನನ್ನೇ ಬೈತೀರಿ.

ಲೇಟೆನ್ಸಿ (ರ‍್ಯಾಮ್‌ನಿಂದ ಉತ್ತರ ಬರಲು ಹಿಡಿಯುವ ಸಮಯ) 66 ನ್ಯಾನೋಸೆಕೆಂಡ್ ಇದ್ದದ್ದು 56ಕ್ಕೆ ಬಂತು. ಗೇಮಿನಲ್ಲಿ ಮಿನಿಮಮ್ ಫ್ರೇಮ್ ನೂರಕ್ಕೆ ಹತ್ತು ಹನ್ನೆರಡು ಏರಿದೆ, ತಡವರಿಕೆ ಹೋಯಿತು. ವಿಡಿಯೋ ರೆಂಡರ್‌ನಲ್ಲಿ ಹೆಚ್ಚೇನೂ ಇಲ್ಲ, ಒಂದು ಗಂಟೆಯ ಕೆಲಸಕ್ಕೆ ಎರಡು ಮೂರು ನಿಮಿಷ ಉಳಿಯುತ್ತದೆ. "ಇಷ್ಟಕ್ಕೆ 55 ಸಾವಿರವಾ?" ಅಂತ ಮನೆಯಲ್ಲಿ ಕೇಳಿದರು. ಸದ್ದು ಎಷ್ಟು ಕಡಿಮೆ ಆಗಿದೆ ಕೇಳು ಅಂದೆ.

ನಡುವೆ ಇನ್ನೊಂದು ಆಟ ಆಡಿದೆ. ಡೆಸರ್ಟ್ ಕೂಲರಿನ ಗಾಳಿಯನ್ನು ಕೇಸಿನ ಹಿಂದಿನಿಂದ ಒಳಗೆ ಬಿಟ್ಟೆ. ನಮ್ಮ ಏಪ್ರಿಲ್ ಒಣ ಬಿಸಿಲು, ಹಾಗಾಗಿ ಆ ಗಾಳಿ 28-29ಕ್ಕೆ ಬರುತ್ತಿತ್ತು. ರ‍್ಯಾಮ್ 38! ಒಳಗೆ ಇಬ್ಬನಿಯಂತೆ ನೀರು ಕೂರುತ್ತದೆ ಅಂತ ಹೆದರಿಸಿದರು. ನೀರು ಕೂರಬೇಕಾದರೆ ಒಳಗಿನ ಲೋಹ ಆ ಗಾಳಿಗಿಂತ ತಣ್ಣಗಿರಬೇಕು, ಓಡುವ ಪಿಸಿಯಲ್ಲಿ ಅದು ಎಲ್ಲಿಂದ ಬರಬೇಕು? ನಿಜವಾದ ತೊಂದರೆ ಬೇರೆ. ಬೋರ್‌ವೆಲ್ ನೀರಿನ ಹನಿ ಗಾಳಿಯಲ್ಲಿ ತೇಲಿ ಬಂದು ಸೊಳ್ಳೆಪರದೆ ಬಟ್ಟೆಯ ಮೇಲೆ ಬಿಳಿ ಉಪ್ಪು ಕಟ್ಟಿತು. ನಿಲ್ಲಿಸಿದೆ. ಜೂನ್ ಬಂದ ಮೇಲೆ ತೇವಕ್ಕೆ ಅದು ಹೇಗೂ ಕೆಲಸ ಮಾಡಲ್ಲ.

ಮುಂದೆ ಎಎಂ5, ಅಂದರೆ ಎಎಂಡಿಯ ಮುಂದಿನ ಪೀಳಿಗೆಯ ಪ್ರೊಸೆಸರ್ ಸಾಕೆಟ್. ಅದಕ್ಕೆ ಡಿಡಿಆರ್5 ರ‍್ಯಾಮ್ ಬೇಕು. ಡಿಡಿಆರ್5ನಲ್ಲಿ ಪವರ್ ಚಿಪ್ ಸ್ಟಿಕ್ ಮೇಲೇ ಕೂತಿದೆ, ಅಂದರೆ ಬಿಸಿ ಅಲ್ಲೇ ಹುಟ್ಟುತ್ತದೆ. ರೇಡಿಯೇಟರ್, ಪಂಪ್ ಇದೇ ಸಾಕು. ರ‍್ಯಾಮ್ ರೇಟ್ ಇಳಿಯಲಿ ಅಂತ ಕಾಯ್ತಾ ಇದ್ದೇನೆ.