ಪೊಟ್ಟಣ ಕಟ್ಟಲು ಕಲಿತದ್ದು

ಅರಸೀಕೆರೆಯ ನಮ್ಮ ದಿನಸಿ ಅಂಗಡಿಯಲ್ಲಿ ನಾನು ಕೆಲಸಕ್ಕೆ ಕೂತದ್ದು 1974ರ ಬೇಸಿಗೆ ರಜೆಯಲ್ಲಿ. ಆಗ ಏಳನೇ ಕ್ಲಾಸು ಮುಗಿದಿತ್ತು. ಅಪ್ಪ ತಕ್ಕಡಿ ಮುಟ್ಟಗೊಡಲಿಲ್ಲ. ಹಳೇ ಪೇಪರ್ ಹರಿದು ಅಳತೆವಾರು ಜೋಡಿಸುವುದು, ಪೊಟ್ಟಣ ಕಟ್ಟುವುದು, ಅಷ್ಟೇ.

ದಿನಪತ್ರಿಕೆ ಅಕ್ಕಿ, ಬೇಳೆಗೆ ಸರಿ. ಸಾಸಿವೆ, ಜೀರಿಗೆಗೆ ಮಕ್ಕಳು ಬರೆದು ಮುಗಿಸಿದ ನೋಟ್‌ಬುಕ್ಕಿನ ಹಾಳೆಯೇ ಆಗಬೇಕು, ಮಡಿಕೆ ಗಟ್ಟಿಯಾಗಿ ನಿಲ್ಲುತ್ತದೆ. ನುಣುಪು ಕಾಗದ ಬೇಡವೇ ಬೇಡ, ಮಡಿಸಿದ್ದು ತಾನೇ ಬಿಚ್ಚಿಕೊಳ್ಳುತ್ತದೆ. ಬೆಲ್ಲ, ಹುಣಸೆಹಣ್ಣಿಗೆ ಒಳಗೊಂದು ಒಣಗಿದ ಮುತ್ತುಗದೆಲೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಅಚ್ಚಿನ ಮಸಿಯೆಲ್ಲ ಅದಕ್ಕೆ ಹತ್ತುತ್ತದೆ.

ಕಟ್ಟುವುದು ಕೈಗೆ ಬರಲು ತಿಂಗಳು ಹಿಡಿಯಿತು. ಸಾಮಾನು ನಡುವೆ ಸುರಿದು, ಎರಡು ಅಂಚು ಕೂಡಿಸಿ ಬಿಗಿಯಾಗಿ ಮಡಿಸುತ್ತ ಬರಬೇಕು. ಒಳಗೆ ಗಾಳಿ ಉಳಿದರೆ ಪೊಟ್ಟಣ ಸಡಿಲ. ಮೇಲೆ ತೂಗುಹಾಕಿದ ಡಬ್ಬಿಯಿಂದ ಇಳಿಯುವ ದಾರವನ್ನು ಅಡ್ಡ ಒಂದು, ಉದ್ದ ಒಂದು ಸುತ್ತು ಸುತ್ತಿ, ತೋರುಬೆರಳಿಗೆ ಸಿಕ್ಕಿಸಿ ಒಂದೇ ಏಟಿಗೆ ತುಂಡರಿಸಬೇಕು. ಬೆರಳು ಕೊಯ್ದುಕೊಂಡು ಅತ್ತದ್ದೂ ಉಂಟು. ಕಟ್ಟಿದ್ದನ್ನು ಅಪ್ಪ ಮೊಣಕಾಲೆತ್ತರದಿಂದ ನೆಲಕ್ಕೆ ಬಿಡುತ್ತಿದ್ದರು. ಒಂದು ಕಾಳು ಚೆಲ್ಲಿದರೂ ಮತ್ತೆ ಕಟ್ಟಬೇಕಿತ್ತು.

ತೂಗುವಾಗ ಅವರು ತೂಕದ ಬಟ್ಟಿನ ತಟ್ಟೆಗೂ ಅದೇ ಅಳತೆಯ ಕಾಗದ ಹಾಕುತ್ತಿದ್ದರು. ಕಾಗದವನ್ನು ಬೇಳೆಯ ಬೆಲೆಗೆ ಮಾರಬಾರದು ಎನ್ನುತ್ತಿದ್ದರು. ನನಗೆ ಅಂಗಡಿ ಎಂದರೆ ಇಂದಿಗೂ ಮೊದಲು ನೆನಪಾಗುವುದು ಆ ಕಾಗದದ ಚೂರು.

1957ರಲ್ಲೇ ನಯಾಪೈಸೆ ಬಂದಿತ್ತು, ಬೆನ್ನಿಗೇ ಕಿಲೋ ಕೂಡ. ಆದರೂ ಹಳ್ಳಿಯಿಂದ ಬಂದ ಅಜ್ಜಿಯರು ಕೇಳುತ್ತಿದ್ದುದು, 'ಕಾಲ್ ಸೇರು ಬೆಲ್ಲ ಕೊಡು ಮಗಾ, ಎರಡಾಣೆ ಮೆಣಸು ಕಟ್ಟು' ಎಂದೇ. ನಾಲ್ಕಾಣೆ ಎಂದರೆ 25 ಪೈಸೆ, ತಕರಾರಿಲ್ಲ. ಎರಡಾಣೆಗೆ ಹನ್ನೆರಡೂವರೆ ಪೈಸೆಯಾಗುತ್ತದೆ, ಅರ್ಧ ಪೈಸೆಯ ನಾಣ್ಯವೇ ಇಲ್ಲ. ಅಪ್ಪ ಹನ್ನೆರಡೇ ತೆಗೆದುಕೊಳ್ಳುತ್ತಿದ್ದರು.

ಗೌರಿಹಬ್ಬದ ಹಿಂದಿನ ವಾರ ನಿದ್ದೆಯಿಲ್ಲ. ಬಾಗಿನಕ್ಕೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಅಚ್ಚು ಬೆಲ್ಲ ಎಲ್ಲ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಬೇಕು. ರಾತ್ರಿ ಅಂಗಡಿ ಬಾಗಿಲು ಹಾಕಿ ಅಮ್ಮ, ಅಕ್ಕ, ನಾನು ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅಮ್ಮನ ಪೊಟ್ಟಣಕ್ಕೆ ದಾರವೇ ಬೇಡ, ಕೊನೆಯ ಮಡಿಕೆಯನ್ನು ಒಳಗೆ ತೂರಿಸಿದರೆ ಕೈಯಿಂದ ಕೈಗೆ ಹೋದರೂ ಬಿಚ್ಚುತ್ತಿರಲಿಲ್ಲ. ನನಗೆ ಅದು ಕೊನೆಗೂ ಅಷ್ಟು ಚೆನ್ನಾಗಿ ಬರಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಕವರ್ ಬಂತು, ದಾರದ ಡಬ್ಬಿ ಅಟ್ಟ ಸೇರಿತು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದಾಗ ಅದನ್ನು ಕೆಳಗಿಳಿಸಿದೆ. ಅಂಗಡಿಯ ಹುಡುಗನಿಗೆ ಎದುರು ಕೂತು ತೋರಿಸಿದೆ. ಅವನು ಕಟ್ಟಿದ ಮೊದಲ ಸಕ್ಕರೆ ಪೊಟ್ಟಣವನ್ನು ಮೊಣಕಾಲೆತ್ತರದಿಂದ ಬಿಟ್ಟೆ. ಚೆಲ್ಲಿತು. ಇಬ್ಬರೂ ಗುಡಿಸಿ, ಮತ್ತೊಂದು ಹಾಳೆ ಹಾಸಿದೆವು.